ಸೈಕಲ್ ಮಾಮನ ಮಗಳ ದನಿ

ಆ ಬೀದಿಯ ಮಕ್ಕಳಿಗೆಲ್ಲ ಅವನು ಸೈಕಲ್ ಮಾಮ. ಮಕ್ಕಳ ಬಾಯಿಂದ ದೊಡ್ಡವರ ಬಾಯಿಗೂ ಅದೇ ಹತ್ತಿ, ಅವನ ನಿಜವಾದ ಹೆಸರನ್ನು ಹೆಂಡತಿಯೂ ಒಮ್ಮೊಮ್ಮೆ ತಡವರಿಸಿ ನೆನಪಿಸಿಕೊಳ್ಳಬೇಕಾಗುತ್ತಿತ್ತು. ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಕೊಂಡ ಒಂದೇ ಬಾಗಿಲಿನ ರಿಪೇರಿ ಅಂಗಡಿ, ಅದರ ಹಿಂದೆ ಎರಡು ಕೋಣೆಯ ಮನೆ. ಸೂರಿನಿಂದ ಇಳಿಬಿದ್ದ ಹಳೆಯ ಟೈರುಗಳು, ಗೋಡೆಗೆ ಒರಗಿದ ಚಕ್ರಗಳು, ಪಂಕ್ಚರ್ ಟ್ಯೂಬನ್ನು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಲು ನೀರು ತುಂಬಿಟ್ಟ ಸೊಟ್ಟಗಾದ ಬಾಣಲೆ. ಇಷ್ಟೇ ಅವನ ಆಸ್ತಿ. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಒಂದು ತೂಕ ಹೆಚ್ಚು. ಚೈನು ಬಿಗಿಮಾಡಿಸಲು ಬಂದವರು ಊರ ಸುದ್ದಿಯನ್ನೆಲ್ಲ ಕೇಳಿಸಿಕೊಂಡೇ ಹೋಗಬೇಕು. "ಇವನ ಅಂಗಡೀಲಿ ಗಾಳಿನೂ ಪುಕ್ಕಟೆ, ಮಾತೂ ಪುಕ್ಕಟೆ. ಗಾಳಿಯಾದ್ರೆ ಚಕ್ರ ತುಂಬಿದ ಮೇಲೆ ನಿಲ್ಲತ್ತೆ" ಎಂದು ಗಿರಣಿಯ ಅಜ್ಜ ನಗೆಯಾಡುತ್ತಿದ್ದ.

ಹೆಂಡತಿ ಸಿಟಿ ಬಸ್ಸಿನ ಕಂಡಕ್ಟರು. "ಮುಂದೆ ನಡೀರಿ, ಮುಂದೆ ನಡೀರಿ, ನಡುವೆ ಜಾಗ ಐತಲ್ಲ" ಎಂದು ದಿನವಿಡೀ ಕೂಗಿ ಸಂಜೆ ಮನೆಗೆ ಬಂದಾಗ ಅವಳ ಗಂಟಲು ಒಡೆದ ಕೊಳಲಿನಂತೆ ಆಗಿರುತ್ತಿತ್ತು. ಆದರೂ ಮಾತು ಬಿಟ್ಟವಳಲ್ಲ. ಇಬ್ಬರೂ ವಯಸ್ಸು ಮೀರುತ್ತಿದ್ದಾಗ ಮದುವೆಯಾದವರು. ಮಗುವಾಗುವುದೂ ತಡವಾಯಿತು. ಅವಳು ಬಸುರಿಯಾದ ಸುದ್ದಿ ಕೇಳಿದಾಗ ಅಜ್ಜ, "ಈ ಮನೇಲಿ ಹುಟ್ಟೋ ಕೂಸು ಅಳೋದಿಲ್ಲ ಕಣಯ್ಯ, ಸೀದಾ ಭಾಷಣಾನೇ ಶುರು ಮಾಡತ್ತೆ" ಎಂದಿದ್ದ. ಆಮೇಲೆ ಆ ಮಾತನ್ನು ನೆನೆದು ಆ ಮುದುಕ ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡ.

ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತು. ಅಂಗೈಗೆ ಹೊರೆಯಾಗದಷ್ಟು ಹಗುರ. ಉಸಿರಾಡುವುದೇ ಇನ್ನೂ ಬಾರದ ಪುಪ್ಪುಸಕ್ಕೆ ಯಂತ್ರ ಗಾಳಿ ಊಡಬೇಕಾಗಿತ್ತು. ಬಾಯಿಯಿಂದ ಗಂಟಲಿಗೆ ತೂರಿಸಿದ ಕೊಳವೆ, ಅದನ್ನು ಕೆನ್ನೆಗೆ ಹಿಡಿದಿಟ್ಟ ಪಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಸಣ್ಣ ದೀಪ. ಅವನು ಗಾಜಿಗೆ ಹಣೆ ಹಚ್ಚಿ ನಿಂತು ನೋಡುತ್ತಿದ್ದಾಗ ಒಂದು ದಿನ ಮಗು ಮುಖ ಹಿಂಡಿತು, ಬಾಯಿ ತೆರೆಯಿತು, ಕಾಲು ಝಾಡಿಸಿತು. ಅಳುವಿನ ಎಲ್ಲ ಲಕ್ಷಣವೂ ಇತ್ತು, ಅಳು ಮಾತ್ರ ಇರಲಿಲ್ಲ. ಅವನು ನರ್ಸನ್ನು ಕರೆದ.

"ಸಿಸ್ಟರ್, ನಮ್ಮ ಮಗು ಮೂಗೀನಾ?"

"ಅಯ್ಯೋ ಇಲ್ಲಪ್ಪ. ಈ ಕೊಳವೆ ದನಿಯ ತಂತಿ ಎರಡರ ಮಧ್ಯ ಹಾದು ಹೋಗಿರತ್ತೆ. ಇದು ಇರೋವರೆಗೂ ಯಾವ ಮಗೂಗೂ ದನಿ ಹೊರಡಲ್ಲ. ತೆಗೆದ ಮೇಲೆ ನೋಡಿ, ಸಾಕಪ್ಪಾ ಸಾಕು ಅನ್ನಿಸ್ತಾಳೆ."

ಅವಳು ಹೇಳಿದ್ದು ನಿಜವೇ ಆಯಿತು. ವಾರಗಳು ಕಳೆದು ಕೊಳವೆ ತೆಗೆದಾಗ ಮಗು ಅತ್ತಿತು. ಬೆಕ್ಕಿನ ಮರಿಯ ದನಿಯಷ್ಟೇ ಆದರೂ ಅಳುವೇ. ಮನೆಗೆ ಕರೆತಂದರು. ತೂಕ ಹೆಚ್ಚಿತು. ಕಂಡಕ್ಟರಮ್ಮ "ಮೆಣಸಿನಕಾಳಿನಷ್ಟಿದ್ರೂ ಖಾರ ನೋಡ್ರೀ ಇವಳ್ದು" ಎಂದದ್ದೇ ಹೆಸರಾಗಿ, ಮೆಣಸು ಎಂದೇ ಕರೆಯತೊಡಗಿದರು. ಅವನು ಅವಳನ್ನು ಅಂಗಡಿಯ ಬೆಂಚಿನ ಮೇಲೆ ಬುಟ್ಟಿಯಲ್ಲಿ ಮಲಗಿಸಿಕೊಂಡು ಕೆಲಸ ಮಾಡುತ್ತಿದ್ದ. "ಏನಮ್ಮಾ ಓನರಮ್ಮ, ಈ ಸೈಕಲ್ಲಿಗೆ ಹೊಸ ಬ್ರೇಕ್ ರಬ್ಬರ್ ಹಾಕಲೋ, ಹಳೇದ್ರಲ್ಲೇ ಓಡಲೋ?" ಎಂದು ಕೇಳಿದರೆ ಅವಳು "ಊ" ಎನ್ನುವಳು. ಕೊನೆಯಲ್ಲಿ ತುಸು ಮೇಲಕ್ಕೇಳುವ, ಪ್ರಶ್ನೆಗೆ ಪ್ರಶ್ನೆ ಹಾಕಿದಂಥ ಸಣ್ಣ ದನಿ. "ಹೊಸದೇ ಹಾಕ್ಬೇಕಂತೆ ಸ್ವಾಮಿ, ಓನರಮ್ಮ ಹೇಳ್ತಿದಾರೆ" ಎಂದು ಗಿರಾಕಿಗೆ ತೀರ್ಪು ಕೊಡುವನು. ಅವನ ಬದುಕಿನಲ್ಲಿ ಅಷ್ಟು ಒಳ್ಳೆಯ ಹರಟೆಯ ಜೊತೆ ಹಿಂದೆಂದೂ ಸಿಕ್ಕಿರಲಿಲ್ಲ.

ಆ ಸುಖ ಕೆಲವೇ ವಾರಗಳದ್ದು. ಮೊದಲು ಒಂದು ನೆಗಡಿ ಬಂತು. ಅದರ ಬೆನ್ನಿಗೇ ಒಂದು ಬೆಳಗ್ಗೆ, ಮಗು ಉಸಿರು ಒಳಗೆಳೆದುಕೊಂಡಾಗೆಲ್ಲ ಗಂಟಲಿನಲ್ಲಿ ಕೀರಲು ಸದ್ದು ಏಳತೊಡಗಿತು, ಎಣ್ಣೆ ಕಾಣದ ಬಾಗಿಲಿನ ಹಾಗೆ. ಪಕ್ಕೆಲುಬುಗಳ ನಡುವಿನ ಚರ್ಮ ಉಸಿರುಸಿರಿಗೂ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಹೆಂಡತಿ ಡ್ಯೂಟಿಗೆ ಹೋಗಿಯಾಗಿತ್ತು. ಅಜ್ಜ ಗಿರಣಿ ನಿಲ್ಲಿಸಿ, ಮೈತುಂಬ ಹಿಟ್ಟು ಬಳಿದುಕೊಂಡ ಅವತಾರದಲ್ಲೇ ಓಡಿ ಒಂದು ಗಾಡಿ ಹಿಡಿದು ತಂದ.

ಆಸ್ಪತ್ರೆಯ ಮಕ್ಕಳ ತುರ್ತು ಕೋಣೆಯಲ್ಲಿದ್ದವರು ದಪ್ಪ ಕನ್ನಡಕದ ಡಾಕ್ಟರಮ್ಮ. ನರ್ಸು ಮಗುವನ್ನು ಅವನ ತೋಳಿನಿಂದ ಎತ್ತಿಕೊಳ್ಳಲು ಬಂದಾಗ ಅವರು ಕೈ ಅಡ್ಡ ಹಿಡಿದರು.

"ಬೇಡ, ಅವರ ತೊಡೆ ಮೇಲೇ ಇರ್ಲಿ. ಸೂಜಿನೂ ಈಗ್ಲೇ ಬೇಡ. ಅತ್ತರೆ ಇರೋ ದಾರಿನೂ ಇಕ್ಕಟ್ಟಾಗತ್ತೆ." ಆಮೇಲೆ ಅವನಿಗೆ, "ನೀವು ಹೆದರ್ಕೊಂಡಿದೀರಿ ಅಂತ ಗೊತ್ತು. ಆದ್ರೆ ಅವಳಿಗೆ ಗೊತ್ತಾಗೋದು ಬೇಡ. ಮಾತಾಡ್ತಾ ಇರಿ" ಎಂದರು.

ಮಾತಾಡು ಎಂದು ಅವನಿಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಹೇಗೋ ಬ್ರೇಕಿನ ಕಥೆ, ಪೆಡಲಿನ ಕಥೆ ಎಂದು ಗೊಣಗುತ್ತಾ ಕೂತ. ಮಗುವಿನ ಮುಖದ ಹತ್ತಿರ ಆಮ್ಲಜನಕ ಹಿಡಿದರು. ಔಷಧಿಯ ಹಬೆ ಕೊಟ್ಟರು. ಸ್ವಲ್ಪ ಹೊತ್ತು ಕಳೆದ ಮೇಲೆ ಕೀರಲು ಸದ್ದು ಸಣ್ಣದಾಯಿತು. ಅವನ ಮುಖ ಅರಳಿತು.

"ಮೇಡಂ, ಸದ್ದು ಕಮ್ಮಿ ಆಯ್ತು! ವಾಸಿ ಆಗ್ತಿದೆ ಅಲ್ವಾ?"

ಡಾಕ್ಟರಮ್ಮ ಮಗುವಿನ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಅವರ ದನಿ ಮೆತ್ತಗಿತ್ತು. "ಇಲ್ಲಪ್ಪ. ಉಸಿರು ಎಳ್ಕೊಳ್ಳೋಕೆ ಶಕ್ತಿ ಸಾಲ್ತಿಲ್ಲ ಅವಳಿಗೆ. ದಣಿದಿದಾಳೆ. ಈಗ ನನಗೆ ಕೊಡಿ."

ಅವನನ್ನು ಹೊರಗೆ ಕಳಿಸಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಒಬ್ಬ ನರ್ಸು ಅವನ ಎರಡು ಕೈಯನ್ನೂ ಮಗುವಿನ ಪಾದಗಳ ಮೇಲಿಟ್ಟು "ಹಿಡ್ಕೊಂಡಿರಿ" ಎಂದಳು. ಹಾಗಾಗಿ ಅವನು ಎಲ್ಲವನ್ನೂ ನೋಡಿದ. ಡಾಕ್ಟರಮ್ಮ ಒಂದು ಸಣ್ಣ ಟವಲ್ಲನ್ನು ಸುರುಳಿ ಸುತ್ತಿ ಮಗುವಿನ ಹೆಗಲ ಕೆಳಗಿಟ್ಟರು. ಕೂಸಿನ ತಲೆ ಹಿಂದುಗಡೆ ದಪ್ಪ, ಹಾಗೇ ಮಲಗಿಸಿದರೆ ಗದ್ದ ಎದೆಗೆ ಬಿದ್ದು ಉಸಿರಿನ ದಾರಿ ಮಡಚಿಕೊಳ್ಳುತ್ತದೆ ಎಂದು ಅವನಿಗೆ ಆಮೇಲೆ ತಿಳಿಯಿತು. ಮಡಚಿದ ಟ್ಯೂಬಿಗೆ ಎಷ್ಟು ಪಂಪು ಹೊಡೆದರೂ ಗಾಳಿ ಏರುವುದಿಲ್ಲವೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಖಕ್ಕೆ ಮೆತ್ತನೆಯ ಬಟ್ಟಲಿನಂಥದ್ದನ್ನು ಒತ್ತಿ, ಅದಕ್ಕೆ ಸೇರಿದ ಚೀಲವನ್ನು ಹಗುರವಾಗಿ ಹಿಸುಕಿ ಗಾಳಿ ಕೊಟ್ಟರು. ಮದ್ದು ಕೊಟ್ಟು ಮಲಗಿಸಿ, ಬೆಳಕಿರುವ ಸಣ್ಣ ಅಲಗಿನಿಂದ ನಾಲಿಗೆಯನ್ನು ಎತ್ತಿ ಬಾಗಿ ನೋಡಿದರು. ಕೊಳವೆ ಹಾಕಿದರು. ಅದು ಇಳಿಯಲಿಲ್ಲ.

"ತೆಗೀತಿದೀನಿ. ಮತ್ತೆ ಗಾಳಿ ಕೊಡಿ. ಅವಸರ ಬೇಡ."

ಎರಡನೆಯದು ಇನ್ನೂ ಸಪೂರ. ಅದೂ ತಡೆಯಿತು.

"ಗಂಟಲಿನ ಬಾಗಿಲು ಚೆನ್ನಾಗಿ ಕಾಣಿಸ್ತಿದೆ. ಅದರ ಕೆಳಗೆ ಸಂದಿ ಇಕ್ಕಟ್ಟು. ಬಲ ಹಾಕ್ಬಾರ್ದು. ಗಾಳಿ ಕೊಡಿ. ಕಿವಿ-ಗಂಟಲಿನ ಡಾಕ್ಟರು ಎಲ್ಲಿದ್ರೂ ಬರ್ಲಿ. ಅತೀ ಸಣ್ಣದು ಇದೆಯಲ್ಲ, ಈಗ ಹುಟ್ಟಿದ ಮಕ್ಕಳದ್ದು, ಅದನ್ನ ಕೊಡಿ."

ಹಿಡಿದ ಪಾದಗಳು ಅವನ ಕೈಯಲ್ಲಿ ತಣ್ಣಗಾಗುತ್ತಿದ್ದವು. ಜೀವ ಕೈಯಲ್ಲಿ ಹಿಡಿದು ನಿಂತ ಎನ್ನುವುದು ಮಾತಿಗೆ ಹೇಳುವುದಲ್ಲ ಎಂದು ಅವನಿಗೆ ಅರ್ಥವಾದದ್ದು ಅಲ್ಲಿ. ಮೂರನೆಯ ಕೊಳವೆ, ಪೆನ್ನಿನ ರೀಫಿಲ್ಲಿಗಿಂತ ತುಸುವೇ ದಪ್ಪದ್ದು, ಇಳಿಯಿತು. ಎದೆ ಏರಿತು. ಯಂತ್ರದ ಪರದೆಯ ಮೇಲೆ ಗೆರೆ ಎದ್ದಿತು. ಕೀರಲು ಸದ್ದು ಪೂರ್ತಿ ನಿಂತುಹೋಯಿತು.

"ಹೋದ್ಲಾ?" ಎಂದ ಅವನು.

"ಇಲ್ಲ. ಇದ್ದಾಳೆ" ಎಂದರು ಡಾಕ್ಟರಮ್ಮ. ಕನ್ನಡಕದ ಒಳಗೆ ಆವಿ ಕಟ್ಟಿತ್ತು. ಒರೆಸಿಕೊಳ್ಳದೆ ಹಾಗೇ ನಿಂತಿದ್ದರು.

ಮಧ್ಯಾಹ್ನದ ಹೊತ್ತಿಗೆ ಕಂಡಕ್ಟರಮ್ಮ ಹೆಗಲಿನ ಚೀಲವನ್ನೂ ಇಳಿಸದೆ ಬಂದು ಸೇರಿದಳು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಹುಟ್ಟಿದಾಗ ಅಷ್ಟು ವಾರ ಇದ್ದ ಕೊಳವೆ ಅವಳನ್ನು ಉಳಿಸಿತು, ಆದರೆ ದನಿಯ ತಂತಿಗಳ ಕೆಳಗೆ ಗಾಯದ ಬಳೆಯೊಂದನ್ನು ಬಿಟ್ಟುಹೋಯಿತು. ಯಾರ ತಪ್ಪೂ ಅಲ್ಲ, ಅದಿಲ್ಲದಿದ್ದರೆ ಮಗುವೇ ಇರುತ್ತಿರಲಿಲ್ಲ. ಈಗ ಆ ಇಕ್ಕಟ್ಟಿನ ಕೆಳಗೆ ಕುತ್ತಿಗೆಯಲ್ಲಿ ಒಂದು ತೂತು ಮಾಡಿ ಕೊಳವೆ ಇಡಬೇಕು. ಉಸಿರು ಅಲ್ಲಿಂದಲೇ ಹೋಗಿಬರುತ್ತದೆ.

"ಮತ್ತೆ ಅಳು?" ಎಂದಳು ಕಂಡಕ್ಟರಮ್ಮ.

"ಗಾಳಿ ಗಂಟಲಿನವರೆಗೂ ಏರಲ್ಲಮ್ಮ. ಅಳ್ತಾಳೆ, ಕೇಳಿಸಲ್ಲ. ಇಂಥ ಕೊಳವೆ ಇರೋ ಕೆಲವು ಮಕ್ಕಳು ಒಂದು ಮುಚ್ಚಳ ಹಾಕ್ಕೊಂಡು ಮಾತಾಡ್ತಾರೆ. ಇವಳಿಗೆ ಮೇಲಿನ ದಾರಿ ತೀರ ಇಕ್ಕಟ್ಟು, ಅದೂ ಆಗಲ್ಲ. ಬೆಳೀಲಿ. ದಾರಿ ಅಗಲ ಮಾಡೋ ಆಪರೇಷನ್ ಇದೆ. ಆಮೇಲೆ ದನಿ ಬರಬಹುದು ಅಂತೀನಿ. ಬಂದೇ ಬರತ್ತೆ ಅನ್ನೋಕೆ ನಂಗಾಗಲ್ಲ."

ಹಾಗೆ ಮೆಣಸು ಮತ್ತೆ ಮನೆಗೆ ಬಂದಳು, ಕೊರಳಿಗೆ ಬಿಳಿಯ ಪಟ್ಟಿ ಕಟ್ಟಿಕೊಂಡು. ಅವಳನ್ನು ಒಂದು ಗಳಿಗೆಯೂ ಕಣ್ಣಿಂದ ಮರೆಮಾಡುವಂತಿರಲಿಲ್ಲ. ಬೇರೆ ಮಕ್ಕಳು ತೊಂದರೆಯಾದರೆ ಕಿರುಚುತ್ತಾರೆ, ಇವಳಿಗೆ ಕಿರುಚಲು ಬರುತ್ತಿರಲಿಲ್ಲ. ತಿಂಗಳ ಸಂಬಳ ತಪ್ಪದೆ ಬರುವುದು ಹೆಂಡತಿಯದು, ಮನೆಗೆ ಅಂಟಿಕೊಂಡ ಕೆಲಸ ಗಂಡನದು. ಆದ್ದರಿಂದ ಮಗುವಿನ ಜವಾಬ್ದಾರಿ ಅವನ ಪಾಲಿಗೇ ಬಂತು. ಕಫ ಹೀರುವ ಯಂತ್ರ ಓಡಿಸುವುದು, ಸಪೂರ ನಳಿಕೆಯನ್ನು ಎಷ್ಟು ಇಳಿಸಬೇಕೋ ಅಷ್ಟೇ ಇಳಿಸುವುದು, ಕೊಳವೆ ಬದಲಾಯಿಸುವುದು, ಎಲ್ಲವನ್ನೂ ಆಸ್ಪತ್ರೆಯಲ್ಲಿ ಮೊದಲು ಬೊಂಬೆಯ ಮೇಲೆ, ಆಮೇಲೆ ಮಗಳ ಮೇಲೆ ಕಲಿತ. ಬದಲಿ ಕೊಳವೆ ಎರಡು ಸದಾ ಹತ್ತಿರವೇ ಇರಬೇಕು: ಒಂದು ಅದೇ ಅಳತೆಯದು, ಇನ್ನೊಂದು ಅದಕ್ಕಿಂತ ಸಣ್ಣದು. ಅಂಗಡಿಯಲ್ಲಿ ಗ್ರೀಸು ಮೆತ್ತಿದ ಕೈಗೆ ದಿನಕ್ಕೆ ಹತ್ತಾರು ಸಲ ಸೋಪು ಹಚ್ಚಿ ಹಚ್ಚಿ ಬೆರಳಿನ ಚರ್ಮ ಸುಲಿದುಬಂತು. ಗಿರಣಿಯ ಅಜ್ಜ ಯಾರಿಗೂ ಹೇಳದೆ ತನ್ನ ಬಾಗಿಲಿಗೆ ಒಂದು ಗೋಣಿತಾಟು ಇಳಿಬಿಟ್ಟು, ಅದಕ್ಕೆ ಆಗಾಗ ನೀರು ಚಿಮುಕಿಸುತ್ತಿದ್ದ. ಏನಜ್ಜ ಇದು ಎಂದರೆ, "ಹಿಟ್ಟು ಮನೆಗೆ ಹೋಗೋರ ಚೀಲದಲ್ಲಿ ಹೋಗ್ಲಿ, ನಮ್ಮ ಕೂಸಿನ ಕೊರಳಿಗೆ ಯಾಕೆ?" ಎಂದ.

ಒಂದೇ ಒಂದು ಬದಲಾವಣೆಯನ್ನು ಬೀದಿಯವರೆಲ್ಲ ಗಮನಿಸಿದರು. ಸೈಕಲ್ ಮಾಮ ಮಾತು ಬಿಟ್ಟಿದ್ದ. ಗಿರಾಕಿ ಬಂದರೆ "ಹೂಂ", ಹೋದರೆ "ಹೂಂ". ಮಗಳು ಉತ್ತರ ಕೊಡದ ಅಂಗಡಿಯಲ್ಲಿ ತಾನೊಬ್ಬನೇ ಬಡಬಡಿಸುವುದು ಅವನಿಗೆ ಮೋಸವೆನ್ನಿಸುತ್ತಿತ್ತು. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಅವಳು ಕೆಲ ತಿಂಗಳು ತಡೆದಳು. ಒಂದು ರಜೆಯ ದಿನ ತಡೆಯಲಾರದೆ ಬಾಯಿಗೆ ಬಂದಂತೆ ಬೈದಳು.

"ರೀ, ಬಾಯಿಗೆ ಬೀಗ ಹಾಕ್ಕೊಂಡು ಯಾರಿಗೆ ವ್ರತ ಮಾಡ್ತಿದೀರಿ? ನಾಳೆ ಅವಳಿಗೆ ದನಿ ಬಂದ್ರೆ ಮಾತು ಎಲ್ಲಿಂದ ತರ್ತಾಳೆ? ಕಿವಿಗೆ ಬೀಳದ್ದು ಬಾಯಿಗೆ ಬರತ್ತಾ?"

"ದನಿ ಬರದೇ ಇದ್ರೆ?"

"ಬರದೇ ಇದ್ರೆ ಕೇಳಿಸ್ಕೊಂಡಾದ್ರೂ ಇರ್ತಾಳೆ. ಅವಳ ಕಿವಿ ಏನು ತಪ್ಪು ಮಾಡಿದೆ?"

ಮಾರನೆಯ ದಿನದಿಂದ ಅವನು ಮತ್ತೆ ಶುರುಮಾಡಿದ. ಬೆಳಗಿನಿಂದ ಸಂಜೆಯವರೆಗೆ ಮಾಡುವ ಕೆಲಸವನ್ನೆಲ್ಲ ಬಾಯಿಬಿಟ್ಟು ಹೇಳುವನು. "ಈಗ ನಟ್ಟು ಬಿಚ್ಚಿದೆ. ಇದು ಹದಗೆಟ್ಟಿದೆ. ಇದರ ಅಪ್ಪನ ಮನೆ ಗಂಟು ಏನು ಹೋಗ್ತಿತ್ತು ಸರಿಯಾಗಿದ್ದಿದ್ರೆ?" ಮೆಣಸು ಕೇಳುತ್ತಾ ಕೇಳುತ್ತಾ ಬೆಳೆದಳು. ನಾಲಿಗೆಯನ್ನು ಅಂಗುಳಿಗೆ ಒತ್ತಿ 'ಟಕ್' ಎನ್ನಿಸುವುದನ್ನು ತಾನೇ ಕಂಡುಹಿಡಿದಳು. ಒಂದು ಟಕ್ ಎಂದರೆ ಹೌದು. ಎರಡಾದರೆ ಬೇಡ. ಸಾಲಾಗಿ ಬಂದರೆ ಸಿಟ್ಟು. ದೂರದಲ್ಲಿದ್ದರೆ ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಚಕ್ರದ ಕಂಬಿಗೆ ಬಡಿದು ಕರೆಯುವಳು. ನಕ್ಕರೆ ಹೆಗಲು ಕುಣಿಯುತ್ತಿತ್ತು, ಕುತ್ತಿಗೆಯ ಕೊಳವೆಯಿಂದ ಗಾಳಿ ಬುಸಬುಸ ಎನ್ನುತ್ತಿತ್ತು. ಪಂಕ್ಚರ್ ಹಾಕಿಸಲು ಬಂದ ಗಡವ ಒಬ್ಬ ಅದನ್ನು ಕಂಡು ಮುಖ ಆಚೆ ತಿರುಗಿಸಿದಾಗ, ಮಾಮ ಅವನ ಸೈಕಲ್ಲನ್ನು ಹಾಗೇ ಹೊರಗೆ ದೂಡಿ, "ಪಂಪು ಕೆಟ್ಟಿದೆ, ಬೇರೆ ಕಡೆ ನೋಡ್ಕೊಳ್ಳಿ" ಎಂದ.

ಹಂಬಲ ಮಾತ್ರ ಒಳಗೊಳಗೇ ಬೆಳೆಯುತ್ತಿತ್ತು. ಸಂಜೆ ಬೀದಿಯಲ್ಲಿ ಯಾವ ಮಗು "ಅಪ್ಪಾ" ಎಂದು ಕೂಗಿದರೂ ಅವನ ಕತ್ತು ತಿರುಗುತ್ತಿತ್ತು. ತನ್ನನ್ನಲ್ಲವೆಂದು ಗೊತ್ತಿದ್ದೂ ತಿರುಗುತ್ತಿತ್ತು. ಪಕ್ಕದ ಓಣಿಯಲ್ಲಿ ಎಳೆಗೂಸು ಅತ್ತರೆ ಸುತ್ತಿಗೆ ಕೆಳಗಿಟ್ಟು ಕೇಳುತ್ತಾ ನಿಲ್ಲುವನು. ಅವನ ಹೆಂಡತಿಗೂ ಅಷ್ಟೇ. ಬಸ್ಸಿನಲ್ಲಿ ಮಗುವೊಂದು ರಚ್ಚೆ ಹಿಡಿದಾಗ ಪ್ರಯಾಣಿಕರು ಆ ತಾಯಿಯನ್ನು ಗದರಿದರೆ, "ಅಳ್ಳಿ ಬಿಡ್ರೀ. ಅಳೋಕೆ ಬರತ್ತಲ್ಲ ಅದಕ್ಕೆ!" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿ, ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಳ್ಳುವಳು. ಒಮ್ಮೆ ಊಟದ ಹೊತ್ತಿನಲ್ಲಿ ಮಗಳ ಆ ಹಳೆಯ "ಊ" ಹೇಗಿತ್ತೆಂದು ಇಬ್ಬರಿಗೂ ಮಾತು ಬಂತು. ಅವನು ಮಾಡಿ ತೋರಿಸಿದ. "ಛೆ, ಹಾಗಲ್ರೀ, ಇನ್ನೂ ತೆಳ್ಳಗಿತ್ತು" ಎಂದು ಅವಳು ಮಾಡಿದಳು. ಅದೂ ಅಲ್ಲ ಎಂದ ಅವನು. ಹೀಗೆ ಇಬ್ಬರೂ ಊ ಊ ಎಂದು ಜಗಳವಾಡಿ, ಕೊನೆಗೆ ಇಬ್ಬರಿಗೂ ಅದು ಮರೆತುಹೋಗಿದೆ ಎಂಬುದು ಒಟ್ಟಿಗೇ ಹೊಳೆದು ಸುಮ್ಮನಾದರು. ಮೆಣಸು ಇಬ್ಬರ ಮುಖವನ್ನೂ ನೋಡಿ, ಇವರಿಗೇನಾಯಿತು ಎಂಬಂತೆ ಒಂದು ಟಕ್ ಅಂದಳು.

ಅವಳು ನಡೆದಾಡುವಂತಾದ ಮೇಲೆ ಒಂದು ದಿನ ನಡುಮಧ್ಯಾಹ್ನ. ಮಾಮ ಹೊರಗೆ ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರ ತಿರುಗಿಸುತ್ತಿದ್ದ. ಒಳಗೆ ಏನೋ ಉರುಳಿದ ಸದ್ದಾಯಿತು. ನೋಡಿದರೆ ಮೆಣಸು ಬೆಂಚಿಗೆ ಆತುಕೊಂಡು ನಿಂತಿದ್ದಾಳೆ, ಕಣ್ಣು ಅಗಲವಾಗಿದೆ, ತುಟಿಯ ಬಣ್ಣ ಬದಲಾಗಿದೆ. ಕೊಳವೆಯಿಂದ ಗಾಳಿಯ ಸುಳಿವೇ ಇಲ್ಲ. ಎತ್ತಿ ಬೆಂಚಿನ ಮೇಲೆ ಮಲಗಿಸಿದ. ಹೀರುವ ನಳಿಕೆ ಹಾಕಿದ; ಅದು ಒಳಗೇ ತಡೆದು ನಿಂತಿತು. ಗಟ್ಟಿಯಾದ ಕಫ ಬಿರಡೆಯ ಹಾಗೆ ಕೂತಿತ್ತು.

"ಅಜ್ಜಾ!" ಎಂದು ಕೂಗಿದ. ಗಿರಣಿಯ ಸದ್ದಿನಲ್ಲೂ ಅಜ್ಜನಿಗೆ ಅದು ಕೇಳಿಸಿತು. "ಹೆಗಲ ಕೆಳಗೆ ಬಟ್ಟೆ ಇಡು. ಆಂಬುಲೆನ್ಸಿಗೆ ಹೇಳು. ಆಮೇಲೆ ತಲೆ ಹಿಡ್ಕೋ."

ಪಟ್ಟಿ ಕತ್ತರಿಸಿ ಹಳೆಯ ಕೊಳವೆ ಎಳೆದು ಹಾಕಿದ. ಅದೇ ಅಳತೆಯ ಹೊಸದನ್ನು ತೂರಿಸಲು ನೋಡಿದ. ಹೋಗಲಿಲ್ಲ. ತೂತು ಬಿಗಿದುಕೊಂಡಿತ್ತು. ಇನ್ನೊಮ್ಮೆ ಒತ್ತು ಎಂದಿತು ಅವನ ಕೈ. ಬಲ ಹಾಕಬಾರದು ಎಂದಿತು ನೆನಪು. ಅದು ಯಾರ ದನಿ ಎಂದು ಯೋಚಿಸುವಷ್ಟು ಪುರುಸೊತ್ತು ಇರಲಿಲ್ಲ. ಅದನ್ನು ಬಿಟ್ಟು ಸಣ್ಣದನ್ನು ಎತ್ತಿಕೊಂಡ. ಎಡಗೈಯನ್ನು ಮಗಳ ಎದೆಯ ಮೇಲೆ ಊರಿ, ಬಲಗೈಯಿಂದ ಬಾಗಿಸಿ ಇಳಿಸಿದ. ಕೊಳವೆ ಜಾರಿ ಒಳಗೆ ಕೂತಿತು. ಒಂದು ಕೆಮ್ಮು, ಅದರ ಹಿಂದೆಯೇ ಬುಸ್ ಎಂದು ಗಾಳಿ. ತುಟಿಗೆ ನಿಧಾನವಾಗಿ ಕೆಂಪು ತಿರುಗಿತು. ಅಜ್ಜ ತಲೆ ಹಿಡಿದಲ್ಲೇ ಕುಸಿದು ಕೂತು ಗೊಳೋ ಎಂದು ಅಳತೊಡಗಿದ. ಮೆಣಸು ಅವನ ಮೀಸೆಯ ಮೇಲಿನ ಹಿಟ್ಟನ್ನು ಬೆರಳಿಂದ ಒರೆಸಿ ನೋಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲವನ್ನೂ ಪರೀಕ್ಷಿಸಿ, "ನಾನಿದ್ದಿದ್ರೂ ಇದನ್ನೇ ಮಾಡ್ತಿದ್ದೆ" ಎಂದರು. ಅವನಿಗೆ ಆ ಹೊಗಳಿಕೆ ಬೇಡವಾಗಿತ್ತು.

"ಮೇಡಂ, ಅವಳು ನನ್ನ ಕರೆದಿರ್ತಾಳೆ" ಎಂದ. "ಉಸಿರು ಸಿಕ್ಕಿಕೊಂಡಾಗ ಕರೆದೇ ಇರ್ತಾಳೆ. ನಾನು ಅಲ್ಲೇ ಹೊರಗೆ ಚಕ್ರ ತಿರುಗಿಸ್ತಾ ಇದ್ದೆ. ಏನೋ ಬಿತ್ತು, ಅದಕ್ಕೆ ತಿರುಗಿದೆ. ಬೀಳದೇ ಇದ್ದಿದ್ರೆ?"

ಡಾಕ್ಟರಮ್ಮ ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿದರು. ಆಮೇಲೆ, "ಅವಳ ತೂಕ ಚೆನ್ನಾಗಿದೆ. ಆಪರೇಷನ್ನಿನ ಮಾತು ಈಗ ಆಡಬಹುದು" ಎಂದರು.

ಆಡಿದ ಮಾತು ಕೈಗೂಡಲು ಇನ್ನೂ ಎರಡು ಬೇಸಿಗೆ ಕಳೆದವು. ದೊಡ್ಡ ಆಸ್ಪತ್ರೆಯಲ್ಲಿ ಅವಳ ಪಕ್ಕೆಲುಬಿನಿಂದ ಮೆದು ಎಲುಬಿನ ಚೂರೊಂದನ್ನು ತೆಗೆದು, ಇಕ್ಕಟ್ಟಾದ ದಾರಿಯನ್ನು ಸೀಳಿ, ಆ ಚೂರನ್ನು ನಡುವೆ ಕೂರಿಸಿ ಅಗಲ ಮಾಡಿದರು. "ಅಂಗಿಗೆ ಪಟ್ಟಿ ಹಚ್ಚಿ ಸಡಿಲ ಮಾಡ್ತಾರಲ್ಲ ಹಂಗೆ" ಎಂದು ಕಂಡಕ್ಟರಮ್ಮ ಅಜ್ಜನಿಗೆ ವಿವರಿಸಿದಳು. ಗಾಯ ಮಾಯಲು ಕಾದರು. ಮತ್ತೆ ಮತ್ತೆ ಒಳಗಿಣುಕಿ ನೋಡಿದರು. ಕೊನೆಗೊಂದು ಬೆಳಗ್ಗೆ ಕುತ್ತಿಗೆಯ ಕೊಳವೆ ತೆಗೆದು ಬರಿಯ ಒಂದು ಪಟ್ಟಿ ಅಂಟಿಸಿದರು. ಮೆಣಸು ಮೂಗಿನಿಂದ ಉಸಿರಾಡಿದಳು. ಗಂಡಹೆಂಡಿರು ಹಾಸಿಗೆಯ ಎರಡು ಬದಿಗೆ ಕೂತು ಅವಳ ಬಾಯನ್ನೇ ನೋಡಿದರು.

ಏನೂ ಬರಲಿಲ್ಲ. ಅವಳು ಟಕ್ ಎಂದಳು, ನೀರು ಬೇಕು ಎಂದು.

ವಾರಗಟ್ಟಲೆ ಏನೂ ಬರಲಿಲ್ಲ. "ದಾರಿ ಚೆನ್ನಾಗಿದೆ" ಎಂದರು ಡಾಕ್ಟರಮ್ಮ. "ಅದರಲ್ಲಿ ನಡೆದು ಅವಳಿಗೆ ಅಭ್ಯಾಸ ಇಲ್ಲ, ಅಷ್ಟೇ." ಮಾತು ಕಲಿಸುವ ಟೀಚರು ಸೋಪಿನ ಗುಳ್ಳೆ ಊದಿಸಿದರು, ಕಾಗದದ ಚೂರು ಹಾರಿಸಿದರು. ಮೆಣಸು ಗುಳ್ಳೆಯನ್ನು ಚೆನ್ನಾಗಿಯೇ ಊದುತ್ತಿದ್ದಳು, ಮಾತು ಮಾತ್ರ ಟಕ್ಕಿನಲ್ಲೇ. ಮಾಮನಿಗೆ ಬರಬರುತ್ತಾ ಭಯವಾಯಿತು. ಬರಬಹುದು ಎಂಬುದರಲ್ಲಿ ಇಷ್ಟು ವರ್ಷ ಬದುಕಿದ್ದ. ಈಗ ಅದೂ ಮುಗಿದುಹೋದರೆ ಕೈಯಲ್ಲಿ ಏನು ಉಳಿಯುತ್ತದೆ ಎಂದು ಅವನಿಗೆ ತಿಳಿಯದಾಯಿತು.

ದನಿ ಬಂದದ್ದು ಯಾರೂ ಕಾಯದೆ ಇದ್ದಾಗ. ಅಂಗಡಿಯಲ್ಲಿ ಓಡಾಡುತ್ತಾ ಅವಳು ಬಿದ್ದಿದ್ದ ಪೆಡಲಿಗೆ ಕಾಲ್ಬೆರಳು ಎಡವಿದಳು. "ಆ!" ಎಂಬ ಸದ್ದಾಯಿತು. ಒರಟು ಸದ್ದು, ಮರಳಿನ ಮೇಲೆ ತಗಡು ಎಳೆದಂತೆ. ಮಾಮ ಗಿರಾಕಿ ಯಾರೋ ಬಂದರೆಂದು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಯಾರೂ ಇಲ್ಲ. ತಿರುಗಿದರೆ ಮಗಳು ಎರಡು ಕೈಯಿಂದಲೂ ತನ್ನ ಕೊರಳನ್ನು ಹಿಡಿದು ನಿಂತಿದ್ದಳು. ಕಾಲಿನ ನೋವು ಮರೆತೇ ಹೋಗಿತ್ತು. ಕೊರಳಿನಲ್ಲಿ ಏನೋ ಅಲುಗಾಡಿತ್ತು.

"ಇನ್ನೊಂದ್ಸಲ" ಎಂದ ಅವನು.

"ಆ."

"ಇನ್ನೊಂದ್ಸಲ ಕಂದಾ."

"ಆ! ಆ! ಆ!"

ಅಜ್ಜ ಗಿರಣಿ ನಿಲ್ಲಿಸಿದ. ಹಿಟ್ಟಿಗೆ ಕಾದಿದ್ದ ಹೆಂಗಸರು ಚೀಲ ಹಿಡಿದೇ ಬಂದರು. ಸಂಜೆ ಕಂಡಕ್ಟರಮ್ಮ ತಿರುವಿನಲ್ಲಿ ಬರುತ್ತಿದ್ದಂತೆಯೇ ಬೀದಿಯವರೆಲ್ಲ ಒಟ್ಟಿಗೇ ಹೇಳಲು ಹೋಗಿ, ಅವಳಿಗೆ ಏನೂ ಅರ್ಥವಾಗದೆ ಎದೆ ಹಿಡಿದುಕೊಂಡು ಓಡಿಬಂದಳು. ಮಗಳ ಒಂದು "ಆ" ಕೇಳಿ, ಹಗಲೆಲ್ಲ ಕೂಗಿ ಒಡೆದ ತನ್ನ ಗಂಟಲಿನಲ್ಲಿ, "ಅಯ್ಯೋ, ಇದು ನಂದೇ ದನಿ ಕಣ್ರೀ!" ಎಂದಳು. ಎರಡೂ ಒಂದೇ ಥರ ಗೊಗ್ಗರಾಗಿದ್ದದ್ದು ನಿಜ.

ಮಾತು ಬೇಗ ಬಂತು. ಒಳಗೆ ಕೂಡಿಟ್ಟಿದ್ದೆಲ್ಲ ಸಾಲುಗಟ್ಟಿ ಹೊರಟಿತು: ನಟ್ಟು, ಚೈನು, ಅಜ್ಜ, ಬೇಡ. ಕೊನೆಗೊಂದು ದಿನ ಅವನ ಅಂಗಿ ಜಗ್ಗಿ ಅವನನ್ನೂ ಕರೆದಳು. "ಮಾಮ!"

ಅವನು ಕಕ್ಕಾಬಿಕ್ಕಿಯಾದ. ಪಾಪ, ಅವಳ ತಪ್ಪೇನು? ಹುಟ್ಟಿದಾಗಿನಿಂದ ಆ ಅಂಗಡಿಯಲ್ಲಿ ಕೂತು ಊರ ಮಕ್ಕಳೆಲ್ಲ ಅವನನ್ನು ಕರೆಯುವುದನ್ನು ಕೇಳಿದ್ದಳು. ಕಂಡಕ್ಟರಮ್ಮ ಹೊಟ್ಟೆ ಹಿಡಿದು ನಕ್ಕಳು, "ಊರಿಗೆಲ್ಲ ಮಾಮ ಆದ್ರೆ ಮಗಳಿಗೂ ಮಾಮಾನೇ!" ಅವನೂ ನಕ್ಕ. ಆದರೆ ಕೈ ತೊಳೆಯುವ ನೆವದಲ್ಲಿ ಒಳಗೆ ಹೋದವನು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ತಾಯಿ ತಿದ್ದಿ ತಿದ್ದಿ ಕೊನೆಗೆ ಅಪ್ಪ ಎನ್ನುವುದು ರೂಢಿಯಾಯಿತು. ಆದರೂ ಅವಸರದಲ್ಲಿದ್ದಾಗ ಮಾಮ ಎಂದೇ ಬರುತ್ತಿತ್ತು, ಅವನೂ ಅದಕ್ಕೆ ಓಗೊಡುತ್ತಿದ್ದ.

ಆಮೇಲೆ ಅವಳು ಶಾಲೆಗೆ ಸೇರಿದಳು. ಮೊದಲ ದಿನ ಬೆಂಚು ಖಾಲಿಯಾಯಿತು. ಇಷ್ಟು ವರ್ಷ ಅವನ ಒಂದು ಕಿವಿ ಮಗಳ ಉಸಿರಿನ ಮೇಲೇ ಇರುತ್ತಿತ್ತು. ಸುತ್ತಿಗೆ ಬಡಿಯುವಾಗಲೂ, ಗಿರಾಕಿಯ ಜೊತೆ ಚೌಕಾಸಿ ಮಾಡುವಾಗಲೂ, ಬುಸ್, ಬುಸ್, ಇದ್ದಾಳೆ, ಇದ್ದಾಳೆ. ಈಗ ಆ ಕಿವಿಗೆ ಕೆಲಸವಿಲ್ಲ. ಚೈನಿಗೆ ಎಣ್ಣೆ ಬಿಡುತ್ತಾ ಫಕ್ಕನೆ ತಲೆಯೆತ್ತಿ ಬೆಂಚಿನತ್ತ ನೋಡುವನು. ಅಲ್ಲಿ ಯಾರೂ ಇಲ್ಲವೆಂದು ನೆನಪಾಗುವಷ್ಟರಲ್ಲಿ ಜೀವ ಹಾರಿಹೋಗಿರುತ್ತಿತ್ತು. ಎಷ್ಟು ವರ್ಷ ಅವಳ ದನಿಗೆ ಹಂಬಲಿಸಿದ್ದನೋ, ಈಗ ದನಿಯಿಲ್ಲದೆ ಪಕ್ಕದಲ್ಲಿ ಕೂತಿದ್ದ ಆ ಹುಡುಗಿಗಾಗಿ ಹಂಬಲಿಸಿದ. ಹೆಂಡತಿಗೆ ಹೇಳಿದರೆ, "ನಿಮಗೆ ಹುಚ್ಚು" ಎಂದಳು. ಹೆಗಲಿನ ಚೀಲ ಇಳಿಸುತ್ತಾ, "ನಂಗೂ ಬಸ್ಸಲ್ಲಿ ಹಿಂಗೇ ಆಗ್ತಿತ್ತು. ದಿನಾ. ನೀವು ಈಗ ಕಲೀತಿದೀರಿ" ಎಂದಳು.

ಒಂದು ದಿನ ಅವನು ರಿಪೇರಿಯಾದ ಸೈಕಲ್ಲನ್ನು ಮಾಲೀಕರ ಮನೆಗೆ ತಲುಪಿಸುವ ನೆಪ ಮಾಡಿಕೊಂಡು ಶಾಲೆಯ ಬೀದಿಯಲ್ಲಿ ಹೊರಟ. ಆ ಮನೆ ಇದ್ದದ್ದು ಇನ್ನೊಂದು ದಿಕ್ಕಿನಲ್ಲಿ. ಆಟದ ಬಿಡುವಿನ ಹೊತ್ತು. ಗೋಡೆ ಎತ್ತರ, ಒಳಗೆ ಏನೂ ಕಾಣಿಸದು. ಗೋಡೆಯಾಚೆ ಮಕ್ಕಳ ಕೂಗಾಟ ಸಂತೆಯ ಹಾಗೆ ಒಂದೇ ಸಮನೆ ಏಳುತ್ತಿತ್ತು. ಅವನು ಸೈಕಲ್ಲಿನಿಂದ ಇಳಿದು, ಚೈನು ಬಿದ್ದಿದೆಯೆಂಬಂತೆ ಬಗ್ಗಿ ಕೂತು ಕಿವಿಗೊಟ್ಟ. ಮೊದಲು ಏನೂ ತಿಳಿಯಲಿಲ್ಲ. ಎಲ್ಲ ಒಂದೇ ಗದ್ದಲ. ಆಮೇಲೆ ನಡುವಿನಿಂದ ಒಂದು ಗೊಗ್ಗರು ದನಿ ಮೇಲೆದ್ದಿತು.

"ಈಗ ನನ್ನ ಸರದಿ! ನೀನು ಆಗ್ಲೇ ಆಡಾಯ್ತು! ಇಳಿಯೇ ಕೆಳಗೆ, ಇಳೀತೀಯೋ ಇಲ್ವೋ!"

ಇನ್ನೊಂದು ಮಗು ಏನೋ ಎದುರುತ್ತರ ಕೊಟ್ಟಿತು. ಗೊಗ್ಗರು ದನಿ ಅದಕ್ಕಿಂತ ಜೋರಾಗಿ ವಾದಿಸಿತು. ಚೆನ್ನಾಗಿಯೇ ಇದ್ದ ಚೈನನ್ನು ಅವನು ಬಿಚ್ಚಿದ, ಹಲ್ಲಿನ ಮೇಲೆ ಒಂದೊಂದೇ ಕೊಂಡಿಯಾಗಿ ಕೂರಿಸಿದ, ಮತ್ತೆ ಬಿಚ್ಚಿದ. ಗಂಟೆ ಹೊಡೆಯಿತು. ಮಕ್ಕಳು ಒಳಗೆ ಓಡಿದರು. ಗೋಡೆಯಾಚೆಯ ಬಯಲು ಬರಿದಾಗಿ, ಎಲ್ಲೋ ಒಂದು ಬಾಗಿಲು ಮುಚ್ಚಿಕೊಂಡಿತು. ಅವನು ಗ್ರೀಸಿನ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದ.